ಬೀಡಿ ಬಿಡುವ ಮುನ್ನ ಐದು ಪ್ರಶ್ನೆ

ಉಣಕಲ್ಲಿನ ಗುರುಶಿದ್ದಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳು ತೂಗುವವರು. ವಯಸ್ಸು ಐವತ್ತನಾಲ್ಕು. ಹದಿನೇಳರ ಹರೆಯದಲ್ಲಿ ಕೆರೆ ಈಜಿ ಬಂದು, ಒದ್ದೆ ಮೈಯಲ್ಲಿ ದಂಡೆಯ ಮೇಲೆ ಕೂತು ಗೆಳೆಯರೊಂದಿಗೆ ಸೇದಿದ ಮೊದಲ ಬೀಡಿಯನ್ನು ಅವರು ಇಂದಿಗೂ ನೆನೆಯುತ್ತಾರೆ. ಆಗ ಒಂದೇ ಬೀಡಿ ನಾಲ್ವರ ಕೈ ದಾಟುತ್ತಿತ್ತು. ಈಚೆಗೆ ದಿನಕ್ಕೊಂದು ಕಟ್ಟು ಅವರೊಬ್ಬರಿಗೇ ಸಾಲುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಜ್ವರ ಇಳಿದರೂ ಕೆಮ್ಮು ಬಿಡಲಿಲ್ಲ. ಆಶಾ ಕಾರ್ಯಕರ್ತೆ ಭಾಗ್ಯಾ ವಿಚಾರಿಸಲು ಬಂದಾಗ ಹೆಂಡತಿ ಹುಲಿಗೆವ್ವ ಬೀಡಿಯ ಮಾತೆತ್ತಿದರು. ಗುರುಶಿದ್ದಪ್ಪ ನಕ್ಕರು.

"ಅದೇನ್ ದೊಡ್ಡ ಮಾತಲ್ಲ ತಂಗಿ. ಮನಸ ಮಾಡಿದ್ರ ನಾಳೇನ ಬಿಡ್ತೇನಿ."

"ಹಂಗಾರ ನಾ ಕೇಳಿದ್ದಕ್ಕ ಖರೇ ಹೇಳ್ರಿ ಕಾಕಾ," ಎಂದರು ಭಾಗ್ಯಾ. "ಮುಂಜಾನೆ ಎದ್ದ ಮ್ಯಾಲ ಎಷ್ಟೊತ್ತಿಗೆ ಮೊದಲನೇ ಬೀಡಿ ಹಚ್ಚತೀರಿ?"

ಚಹಾ ಕುಡಿದ ಮೇಲೆ ಎಂದರು ಅವರು. ಮುಖ ತೊಳೆಯುವ ಮೊದಲೇ, ಹಾಸಿಗೆಯಲ್ಲೇ ಎಂದು ಹುಲಿಗೆವ್ವ ತಿದ್ದಿದರು. ದಿನಕ್ಕೆ ಎಷ್ಟು? ಮೂವತ್ತರ ಮೇಲೆ. ಜ್ವರದಲ್ಲಿ ಮಲಗಿದ್ದಾಗಲೂ ಸೇದಿದ್ದರೇ? ಸೇದಿದ್ದರು. ಯಾವ ಬೀಡಿ ಬಿಡುವುದು ಎಲ್ಲಕ್ಕಿಂತ ಕಷ್ಟ? ಮುಂಜಾನೆಯದೇ.

ಸೇದಬಾರದ ಜಾಗದಲ್ಲಿ ತಡೆದುಕೊಳ್ಳಲು ಆಗುತ್ತದೆಯೇ ಎಂದು ಭಾಗ್ಯಾ ಕೊನೆಯದಾಗಿ ಕೇಳಿದರು. ಆರು ವರ್ಷದ ಹಿಂದಿನ ಮಗಳ ಮದುವೆ ಗುರುಶಿದ್ದಪ್ಪನವರ ಕಣ್ಣಮುಂದೆ ಬಂತು. ತಾವು ಉಟ್ಟ ಹೊಸ ಧೋತರ, ಹೆಬ್ಬಳ್ಳಿಯಿಂದ ಬಂದ ಬೀಗರು, ಹಸಿರು ಸೀರೆಯ ಲಕ್ಷ್ಮೀ.

"ನನ್ನ ಲಕ್ಷ್ಮೀಗೆ ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ನಾ ಮಂಟಪದ ಹಿಂದ ನಿಂತು ಬೀಡಿ ಸೇದಾಕತ್ತಿದ್ದೆ," ಎಂದರು. "ವಾಲಗ ಅಷ್ಟ ಕೇಳಿಸ್ತು. ಓಡಿ ಬರೂದ್ರಾಗ ಮುಗದಿತ್ತು."

ಹುಲಿಗೆವ್ವನಿಗೆ ಅದು ಗೊತ್ತಿರಲಿಲ್ಲ. ಗಂಡ ಆಗ ಅಡುಗೆಯವರ ಕಡೆ ಹೋಗಿದ್ದರೆಂದೇ ಇಷ್ಟು ವರ್ಷ ನಂಬಿದ್ದರು.

"ಎದ್ದ ಐದು ನಿಮಿಷದಾಗ ಬೇಕು, ಜಡ್ಡಿನ್ಯಾಗೂ ಬೇಕು ಅಂದ್ರ ನಿಕೋಟಿನ್ ನಿಮ್ಮನ್ನ ಗಟ್ಟಿ ಹಿಡದೈತ್ರಿ," ಎಂದರು ಭಾಗ್ಯಾ. "ಇದರಾಗ ನಿಮ್ಮ ಮನಸಿನ ತಪ್ಪಿಲ್ಲ. ಬರೇ ಹಟದಿಂದ ಬಿಡೂದು ಕಷ್ಟ. ಡಾಕ್ಟರ್ ಸಲಹಾ, ಔಷಧ ಎರಡೂ ಬೇಕಾಗ್ತಾವ್ರಿ."

ಮರುದಿನ ಗಂಡ ಹೆಂಡತಿ ಸರ್ಕಾರಿ ಆಸ್ಪತ್ರೆಗೆ ಹೋದರು. ವೈದ್ಯರು ಕೆಮ್ಮಿನ ತಪಾಸಣೆ ಮಾಡಿಸಿ, ಬೀಡಿ ಬಿಡುವ ದಿನ ಗೊತ್ತುಮಾಡಿ, ನಿಕೋಟಿನ್ ಗಮ್ ಅಗಿಯುವ ಬಗೆ ತಿಳಿಸಿದರು. ಮೊದಲ ವಾರ ಗುರುಶಿದ್ದಪ್ಪ ಎಲ್ಲರ ಮೇಲೂ ರೇಗಿದರು. ಹತ್ತೊಂಬತ್ತನೆಯ ದಿನ ತಡೆಯಲಾರದೆ ಒಂದು ಬೀಡಿ ಸೇದಿದರು. ಅಂದೇ ತಾವಾಗಿ ಭಾಗ್ಯಾ ಅವರಿಗೆ ಫೋನ್ ಮಾಡಿ ಹೇಳಿ, ಮತ್ತೆ ಬಿಟ್ಟರು. ಈಗ ನಾಲ್ಕು ತಿಂಗಳು ದಾಟಿದೆ. ಮದುವೆಯಾದ ಹೊಸದರಲ್ಲಿ ಅವರು ಗುನುಗುತ್ತಿದ್ದ ಭಜನೆ ಪದ ಮನೆಯಲ್ಲಿ ಮತ್ತೆ ಕೇಳಿಸುತ್ತಿದೆ ಎನ್ನುತ್ತಾರೆ ಹುಲಿಗೆವ್ವ.

ಬೀಡಿ, ಸಿಗರೇಟು ಸೇದುವ ಅಣ್ಣಂದಿರೇ, ನಾಳೆ ಎದ್ದಾಗ ಗಡಿಯಾರ ನೋಡಿಕೊಳ್ಳಿ. ಅರ್ಧ ಗಂಟೆಯೊಳಗೇ ಸೇದಬೇಕೆನಿಸಿದರೆ ಒಬ್ಬರೇ ಒದ್ದಾಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೇ 1800 11 2356ಕ್ಕೆ ಉಚಿತವಾಗಿ ಕರೆ ಮಾಡಿ. ಅಲ್ಲಿ ಯಾರೂ ನಿಮ್ಮನ್ನು ಬೈಯುವುದಿಲ್ಲ. ನೀವು ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಸಾಕು.