ಕ್ಯಾಮೆರಾದ ಹಿಂದೆ ಒಬ್ಬರಿಗೇ ಜಾಗ

"ಫೋಟೋ ಜೋಡಿಸಿದ್ದು ಎಲ್ಲಿಯಾದರೂ ಒಡೆದಿರಲೇಬೇಕು" ಎನ್ನುತ್ತ ತಾರಾನಾಥ ಮೌಸನ್ನು ಮತ್ತೊಮ್ಮೆ ಎಳೆದ. ಪರದೆಯ ಮೇಲೆ ಕಾಪುವಿನ ಹೋಂಸ್ಟೇಯ ಕೋಣೆ ಗಿರ್ರನೆ ತಿರುಗಿತು. ಮಂಚ, ಕಿಟಕಿ, ಕಿಟಕಿಯಾಚೆ ಸಮುದ್ರ, ಕನ್ನಡಿ ಕೂರಿಸಿದ ಕಪಾಟು, ಮತ್ತೆ ಮಂಚ. ಬೆಳಗಿನಿಂದ ಅವನು ಆ ಕೋಣೆಗೆ ಕೊಟ್ಟ ಸುತ್ತುಗಳನ್ನು ಭೂಮಿಗೆ ಕೊಟ್ಟಿದ್ದರೆ ಉಡುಪಿಯಲ್ಲಿ ಎರಡು ದೀಪಾವಳಿ ಕಳೆದುಹೋಗುತ್ತಿದ್ದವು.

ಕೆಳಗೆ ನೆಲದ ಮೇಲೆ, ಟ್ರೈಪಾಡ್ ನಿಂತ ಜಾಗ ಕಾಣದಂತೆ ಅಂಟಿಸಿದ ದುಂಡನೆಯ ಗುರುತಿತ್ತು. ಅದರಲ್ಲಿ ರೇಮಂಡನ ಹೆಸರು. ಆ ಹೆಸರು ಕಂಡಾಗಲೆಲ್ಲ ತಾರಾನಾಥನ ಹೊಟ್ಟೆಯಲ್ಲಿ ಏಳುತ್ತಿದ್ದ ಉರಿಯಲ್ಲಿ ಒಂದು ಮದುವೆಯ ಅಡುಗೆ ಆಗುತ್ತಿತ್ತು.

ಕಾರಣ ಇಲ್ಲದಿರಲಿಲ್ಲ. ಕಡಿಯಾಳಿಯಲ್ಲಿ ಸ್ಟುಡಿಯೋ ಇಟ್ಟ ತಾರಾನಾಥನೇ ಈ ಸೀಮೆಗೆ ವರ್ಚುವಲ್ ಟೂರ್ ತಂದವನು. ಮೊಬೈಲಿನಲ್ಲಿ ಬೆರಳಾಡಿಸಿದರೆ ಕೋಣೆಯೊಳಗೇ ನಿಂತು ಸುತ್ತ ನೋಡಿದ ಹಾಗಾಗುವ ಆ ಚಿತ್ರಗಳನ್ನು ಮಣಿಪಾಲದ ಹೋಟೆಲುಗಳಿಗೂ ನಿಟ್ಟೆಯ ಹಾಸ್ಟೆಲುಗಳಿಗೂ ಮೊದಲು ಮಾಡಿಕೊಟ್ಟವನು. ಅವನು ಟ್ರೈಪಾಡ್ ನೆಟ್ಟನೆಂದರೆ ಭೂಕಂಪಕ್ಕೆ ಮಣಿಪಾಲದ ಗುಡ್ಡವೇ ಅಲ್ಲಾಡೀತು, ಟ್ರೈಪಾಡ್ ಅಲ್ಲಾಡದು. ಅವನ ಅಗಲ ನೋಟದ ಫಿಶ್‌ಐ ಲೆನ್ಸು ಎದುರಿಗೆ ನಿಂತವನ ಬೆನ್ನಿನ ಮಚ್ಚೆಯನ್ನೂ ಕಾಣುತ್ತಿತ್ತು. ರೇಮಂಡನೋ, ನಿನ್ನೆ ಮೊನ್ನೆ ಬಂದವನು. ಕೋಲಿನ ತುದಿಗೆ ಲಿಂಬೆಹಣ್ಣಿನಷ್ಟು ಕ್ಯಾಮೆರಾ ಸಿಕ್ಕಿಸಿ, ಒಂದು ಗುಂಡಿ ಒತ್ತಿ, ಚಾ ಆರುವುದರೊಳಗೆ ಕೆಲಸ ಮುಗಿಸಿ ಹೋಗುವವನು. ಗಿರಾಕಿಗಳೆಲ್ಲ ಈಗ ಅವನ ಹಿಂದೆ.

ಆದರೆ ಈ ಕೋಣೆ ಕೋಲಿನದ್ದಲ್ಲ. ನೆಲದ ಟೈಲ್ಸಿನ ಗೆರೆಗಳು ಗೋಡೆಯಿಂದ ಗೋಡೆಗೆ ನೂಲು ಹಿಡಿದಂತೆ ಹೋಗಿದ್ದವು. ಕಿಟಕಿಯಾಚೆಯ ಸಮುದ್ರ ಬಿಳಿಚಿರಲಿಲ್ಲ, ಮಂಚದ ಅಡಿ ಕಪ್ಪಾಗಿರಲಿಲ್ಲ. ಅಂದರೆ ಪ್ರತಿ ದಿಕ್ಕಿಗೂ ಮಬ್ಬಿನದ್ದು, ಹದದ್ದು, ಬೆಳಕಿನದ್ದು ಎಂದು ಮೂರು ಮೂರು ಫೋಟೋ ತೆಗೆದು ಬೆರೆಸಿದ್ದಾರೆ. ಅಷ್ಟು ತಾಳ್ಮೆ ರೇಮಂಡನ ಏಳು ತಲೆಮಾರನ್ನು ಸೇರಿಸಿದರೂ ಸಿಗುವಂಥದ್ದಲ್ಲ.

ತಾರಾನಾಥ ಕಪಾಟಿನ ಕನ್ನಡಿಯನ್ನು ಹಿಗ್ಗಿಸಿದ. ಅದರೊಳಗೆ ಬಚ್ಚಲಿನ ಬಾಗಿಲು ಕಾಣುತ್ತಿತ್ತು, ಸ್ವಲ್ಪ ತೆರೆದುಕೊಂಡಿತ್ತು. ಇನ್ನೂ ಹಿಗ್ಗಿಸಿದ. ಬಾಗಿಲ ಸಂದಿಯಲ್ಲಿ, ಬಕೆಟಿನ ಪಕ್ಕ, ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಳು.

ಅವನ ಹೆಂಡತಿ ವಿನೋದಾ.

ತಾರಾನಾಥನ ಎದೆ ನಿಂತಿತು. ಹೊರಗೆ ರಸ್ತೆಯಲ್ಲಿ ಬಸ್ಸೂ ನಿಂತಿತು. ಬಸ್ಸಿಗಾದರೆ ಅಲ್ಲಿ ಸ್ಟಾಪ್ ಇತ್ತು. ಕಳೆದ ವಾರ ನಿಟ್ಟೆಗೆ, ಅಕ್ಕನ ಮನೆಗೆಂದು ಹೋದವಳು! ರೇಮಂಡನ ಜೊತೆ, ಕಾಪುವಿನಲ್ಲಿ, ಸಮುದ್ರ ಕಾಣುವ ಕೋಣೆಯಲ್ಲಿ! ಅವನು ಮನಸ್ಸಿನಲ್ಲೇ ರೇಮಂಡನನ್ನು ಮಲ್ಪೆಯಿಂದ ಲಕ್ಷದ್ವೀಪದವರೆಗೆ ಮುಳುಗಿಸುತ್ತ ಹೋದ, ಎತ್ತಿ ಮತ್ತೆ ಮುಳುಗಿಸುತ್ತ ವಾಪಸು ತಂದ. ಆಮೇಲೆ ಚಿತ್ರವನ್ನು ಇನ್ನೊಂದು ಚೂರು ಹಿಗ್ಗಿಸಿದ. ವಿನೋದಾಳ ಕೈಯಲ್ಲಿ ಕ್ಯಾಮೆರಾದ ರಿಮೋಟ್ ಇತ್ತು.

ಆಗ ಎದ್ದದ್ದು ನಿಜವಾದ ಉರಿ. ಮೊದಲಿನದ್ದು ಅದರ ಮುಂದೆ ಊದುಬತ್ತಿ.

ಅಷ್ಟರಲ್ಲಿ ವಿನೋದಾ ಊಟದ ಬುತ್ತಿ ತಂದು ಮೇಜಿನ ಮೇಲಿಟ್ಟಳು. ಪರದೆಯ ಕಡೆ ನೋಡಿದವಳು ಬಾಯಿಗೆ ಕೈಯಿಟ್ಟುಕೊಂಡಳು.

"ಅಯ್ಯೋ, ಅಲ್ಲಿ ಕಾಣ್ತದಾ? ಕನ್ನಡಿಯಲ್ಲಿ ಬೀಳಬಾರದು ಅಂತಲೇ ಬಚ್ಚಲಿಗೆ ಹೋಗಿ ಕೂತದ್ದು. ಕನ್ನಡಿಯಿಂದ ಟ್ರೈಪಾಡ್ ಅಳಿಸಿದೆ, ನನ್ನನ್ನೇ ಬಿಟ್ಟದ್ದು ನೋಡಿ."

"ಇದು ತೆಗೆದದ್ದು ಯಾರು?"

"ನಾನು."

"ರೇಮಂಡ ಎಲ್ಲಿದ್ದ?"

"ರೇಮಂಡಣ್ಣ ಹೊರಗೆ ತೆಂಗಿನ ಮರದಡಿ ಬೊಂಡ ಕುಡೀತಾ ಕೂತಿದ್ರು. ಅವರ ಕೋಲಿನ ಕ್ಯಾಮೆರಾದಲ್ಲಿ ತೆಗೆದದ್ದು ಹೋಂಸ್ಟೇ ಪಾರ್ಟಿಗೆ ಹಿಡಿಸಲಿಲ್ಲ. ರೇಮಂಡಣ್ಣ ನಿಮಗೆ ಫೋನ್ ಮಾಡಿದ್ರಂತೆ, ನೀವು ಎತ್ತಲಿಲ್ಲ. ಸ್ಟುಡಿಯೋಕ್ಕೆ ಮಾಡಿದ್ರು, ನಾನು ಎತ್ತಿದೆ."

"ಅವನಿಗೆ ಕ್ಯಾಮೆರಾ ತಿರುಗಿಸುವ ಪ್ಯಾನೊ ಹೆಡ್ ಎಲ್ಲಿಂದ?"

"ನಿಮ್ಮದೇ. ಕಪಾಟಿನಲ್ಲಿ ಇತ್ತಲ್ವಾ. ನೀವು ಅವತ್ತು ಮದುವೆಗೆ ಹೋಗಿದ್ರಿ."

ತಾರಾನಾಥ ಎದ್ದ, ಕೂತ, ಮತ್ತೆ ಎದ್ದ. "ಅಕ್ಕನ ಮನೆ ಅಂತ ಸುಳ್ಳು ಯಾಕೆ ಹೇಳಿದ್ದು?"

"ನಿಜ ಹೇಳಿದ್ರೆ ಬಿಡ್ತಿದ್ರಾ? ಮದುವೆ ಆದಲ್ಲಿಂದ ನಿಮ್ಮ ಲೆನ್ಸಿನ ಮುಚ್ಚಳ ಹಿಡ್ಕೊಂಡು ಬಾಗಿಲ ಹೊರಗೆ ನಿಂತದ್ದು ನಾನು. ಒಂದೇ ಒಂದು ಸಲ ಕ್ಯಾಮೆರಾ ಕೊಡಿ ಅಂದದ್ದಕ್ಕೆ ಎಂತ ಹೇಳಿದ್ದು, ನೆನಪುಂಟಾ? 'ಮುಚ್ಚಳ ಬೀಳಿಸ್ಬೇಡ ಮಾರಾಯ್ತಿ, ಅಷ್ಟು ಸಾಕು' ಅಂತ."

"ಅವನೊಟ್ಟಿಗೆ ಸಿನಿಮಾಕ್ಕೆ ಹೋಗಿದ್ರೂ ನನಗೆ ಇಷ್ಟು..." ತಾರಾನಾಥ ಬುತ್ತಿಯನ್ನು ಆಚೆ ಸರಿಸಿದ.

"ಹೇಳಿ, ಪೂರ್ತಿ ಹೇಳಿ" ಎಂದು ವಿನೋದಾ ನಕ್ಕಳು. "ಸಿನಿಮಾಕ್ಕೆ ಹೋಗಿದ್ರೆ ಅಡ್ಡಿ ಇರಲಿಲ್ಲ. ಫೋಟೋ ಒಳ್ಳೇದು ಬಂದದ್ದು ತೊಂದರೆ, ಅಲ್ವಾ?"

ತಾರಾನಾಥನ ಫೋನು ಹೊಡೆದುಕೊಂಡಿತು. ಕರೆ ಮಾಡಿದವರು ಕಾರ್ಕಳದ ಯೋಗೀಶ್, ಕಲ್ಲುಕೋರೆಯ ಧಣಿ. ತಮ್ಮದೇ ಕೋರೆಯ ಕಲ್ಲಿನಲ್ಲಿ ದೊಡ್ಡ ಸಭಾಭವನ ಕಟ್ಟಿಸಿದ್ದರು. ಅದರ ಟೂರ್ ತನಗೇ ಸಿಗಬೇಕೆಂದು ತಾರಾನಾಥ ಮಳೆಗಾಲದಿಂದ ಅವರ ಬೆನ್ನು ಹತ್ತಿದ್ದ. ಅವರ ನಾಯಿಯ ಹುಟ್ಟುಹಬ್ಬದ ಫೋಟೋವನ್ನೂ ಬಿಟ್ಟಿ ತೆಗೆದುಕೊಟ್ಟಿದ್ದ. ನಾಯಿ ಅವನನ್ನು ಒಪ್ಪಿಕೊಂಡಿತ್ತು, ಧಣಿಯೊಬ್ಬರು ಬಾಕಿ.

"ತಾರಾನಾಥರೇ, ಆ ಕಾಪುವಿನ ಟೂರ್ ನೋಡಿದೆ. ಎಂತ ಚಂದ ಮಾರಾಯ್ರೆ! ತೆಗೆದದ್ದು ಯಾರು ಅಂತ ರೇಮಂಡ್ ನಿಜ ಹೇಳಿದ್ರು. ಮೇಡಂ ಇದ್ದಾರಾ? ಫೋನ್ ಸ್ವಲ್ಪ ಅವರಿಗೆ ಕೊಡಿ."

ತನ್ನ ಕಿಡ್ನಿಯನ್ನೇ ತೆಗೆದುಕೊಡುವವನಂತೆ ತಾರಾನಾಥ ಫೋನ್ ಕೊಟ್ಟ. ವಿನೋದಾ ಹೂಂ, ಆಯ್ತು, ಖಂಡಿತ ಎಂದೆಲ್ಲ ಹೇಳಿ ಇಟ್ಟಳು.

"ನಾಡಿದ್ದು ಸಂಜೆ ಅಂತೆ. ಪಡುವಣ ಬಾಗಿಲಿಂದ ಬಿಸಿಲು ಒಳಗೆ ಬರುವಾಗಲೇ ತೆಗೀಬೇಕು. ಚೆನ್ನಾಗಿ ಬಂದ್ರೆ ಅವರ ಬಾಕಿ ಕಟ್ಟಡಗಳೂ ನನಗೇ. ನಿಮ್ಮ ಹೆಡ್ಡು, ಲೆನ್ಸು ತಕೊಂಡು ಹೋಗ್ತೇನೆ. ಈ ಸಲ ಕೇಳಿಯೇ."

"ಆ ಲೆನ್ಸ್ ಒಬ್ಬಳ ಕೈಯಲ್ಲಿ ಕೊಡ್ಲಿಕ್ಕೆ ಆಗುವುದಿಲ್ಲ. ನಾನೂ ಬರ್ತೇನೆ."

"ಬನ್ನಿ. ಮುಚ್ಚಳ ಹಿಡ್ಕೊಳ್ಳಿಕ್ಕೆ ಒಂದು ಜನ ಬೇಕು."

ಹೇಳಿದ ಸಂಜೆ ಯೋಗೀಶರ ಸಭಾಭವನವನ್ನು ಹೊಕ್ಕರೆ, ಕಾರ್ಕಳದ ಬಂಡೆಗಳೆಲ್ಲ ಎದ್ದು ಸಾಲಾಗಿ ಒಳಗೆ ಬಂದು ನಿಂತಂತಿತ್ತು. ಕಂಬ, ಕಂಬ, ಕಂಬ. ನೆಲದ ನುಣುಪಿಗೆ ಇರುವೆಯೂ ಕೈ ಊರಿ ನಡೆಯಬೇಕು. ವಿನೋದಾ ಎರಡು ಕಂಬಗಳ ನಡುವೆ ಟ್ರೈಪಾಡ್ ನಿಲ್ಲಿಸಿ, ಮೇಲೆ ಹೆಡ್ ಕೂರಿಸಿ, ಅದರ ಪಟ್ಟಿಯ ಮೇಲೆ ಕ್ಯಾಮೆರಾವನ್ನು ಸರಿಸಿ ಸರಿಸಿ ಬಿಗಿದಳು. ಇಂಥ ಕಡೆಯೇ ಆ ಪಟ್ಟಿಯ ಪರೀಕ್ಷೆ. ಕ್ಯಾಮೆರಾ ತಿರುಗುವಾಗ ಲೆನ್ಸಿನ ಹೊಟ್ಟೆಯೊಳಗಿನ ಒಂದು ಬಿಂದು ಇದ್ದಲ್ಲೇ ಇರಬೇಕು. ಕ್ಯಾಮೆರಾ ಒಂದಿಷ್ಟು ಹಿಂದೆ ಮುಂದೆ ಆದರೂ ಹತ್ತಿರದ ಕಂಬಕ್ಕೂ ದೂರದ ಗೋಡೆಗೂ ತಾಳ ತಪ್ಪುತ್ತದೆ. ಚಿತ್ರಗಳನ್ನು ಜೋಡಿಸಿದಾಗ ಕಂಬ ನಡುವಿನಲ್ಲಿ ಮುರಿದು ನಿಲ್ಲುತ್ತದೆ.

ದೀಪಗಳನ್ನು ಹಾಕಿಸಲು ವಿನೋದಾ ಯೋಗೀಶರ ಜೊತೆ ವೇದಿಕೆಯ ಹಿಂದೆ ಹೋದಳು. ತಾರಾನಾಥ, ಟ್ರೈಪಾಡ್, ಇಬ್ಬರೇ ಉಳಿದರು. ಅವನ ಬೆರಳು ತನ್ನಷ್ಟಕ್ಕೇ ಸ್ಕ್ರೂ ಸಡಿಲಿಸಿತು. ಕ್ಯಾಮೆರಾ ಭತ್ತದ ಕಾಳಿನಷ್ಟು ಹಿಂದೆ ಜಾರಿತು. ಸ್ಕ್ರೂ ಮತ್ತೆ ಬಿಗಿಯಾಯಿತು. ಇಡೀ ಕಾರ್ಕಳ ತಾಲೂಕಿನಲ್ಲಿ ಯಾರೂ ನೋಡಲಿಲ್ಲ.

ಯೋಗೀಶ್ ದೀಪ ಹಾಕಿಸಿ, ಚಾ ತರಿಸುತ್ತೇನೆಂದು ಆಫೀಸಿನ ಕಡೆ ಹೋದರು. ಪಡುವಣ ಬಾಗಿಲಿನಿಂದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಹರಿಯಿತು. ಕಂಬಗಳ ಒಂದೊಂದು ಮೈ ಹೊಳೆಯತೊಡಗಿತು.

"ನೀವಿನ್ನು ಹೊರಗೆ" ಎಂದಳು ವಿನೋದಾ.

"ನಾನು ಇಲ್ಲೇ ಒಂದು ಮೂಲೆಯಲ್ಲಿ..."

"ಮೂಲೆ ಎಲ್ಲಿ ಉಂಟು ಮಾರಾಯ್ರೆ? ಸುತ್ತಲೂ ಬರ್ತದಲ್ವಾ?"

ಹೌದು. ತಿರುಗಿಸುವವರು ಕ್ಯಾಮೆರಾದ ಬೆನ್ನಿಗೆ ಅಂಟಿಕೊಂಡು ಅದರ ಜೊತೆಗೇ ಸುತ್ತುತ್ತಾರೆ. ಎರಡನೆಯವರಿಗೆ ಜಾಗವೇ ಇಲ್ಲ. ಮಣಿಪಾಲದ ಎಷ್ಟು ಬಾಗಿಲುಗಳಲ್ಲಿ ಅವನೇ ಅವಳಿಗೆ ಇದನ್ನು ಹೇಳಿರಲಿಲ್ಲ!

ಲೆನ್ಸಿನ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ತಾರಾನಾಥ ಉತ್ತರದ ಬಾಗಿಲ ಹೊರಗೆ ಗೋಡೆಗೊರಗಿದ. ಮುರಿದ ಕಂಬಗಳನ್ನು ನೋಡಿ ಯೋಗೀಶರ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಂಡ. 'ಗಂಡನನ್ನೇ ಕರೆಯಬೇಕಿತ್ತು' ಎನ್ನುತ್ತಾರೆ. ಆ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಸಕ್ಕರೆಯಂತೆ ಚಪ್ಪರಿಸಿದ.

ಒಳಗೆ ಶುರುವಾಯಿತು. ಕ್ಲಿಕ್, ಕ್ಲಿಕ್, ಕ್ಲಿಕ್. ಹೆಡ್ ತಿರುಗಿದ ಸಣ್ಣ ಕಟ್ ಸದ್ದು. ಬರಿಗಾಲಿನ ಎರಡು ಹೆಜ್ಜೆ. ಟ್ರೈಪಾಡಿನ ನಡುಕ ಇಳಿಯಲೆಂದು ಒಂದು ಉಸಿರಿನಷ್ಟು ಕಾಯುವುದು. ಮತ್ತೆ ಕ್ಲಿಕ್, ಕ್ಲಿಕ್, ಕ್ಲಿಕ್. ಅದು ಅವನದೇ ಲಯ. ಆ ಕಾಯುವಿಕೆಯನ್ನು ಅವನು ಯಾರಿಗೂ ಕಲಿಸಿರಲಿಲ್ಲ. ತಾನು ಕಾಯುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಬಾಗಿಲ ಹೊರಗೆ ನಿಂತರೆ ಇಷ್ಟೆಲ್ಲ ಕೇಳಿಸುತ್ತದೆಂದು ಅವನಿಗೆ ಯಾರು ಹೇಳಬೇಕಿತ್ತು? ಬಾಯೊಳಗಿನ ಸಕ್ಕರೆ ಬೇವಾಯಿತು.

"ನಿಲ್ಸು!" ತಾರಾನಾಥ ಒಳಗೆ ನುಗ್ಗಿದ. ನುಣುಪು ನೆಲದ ಮೇಲೆ ಅರ್ಧ ದಾರಿ ಓಡಿ, ಅರ್ಧ ದಾರಿ ಜಾರಿ ಕ್ಯಾಮೆರಾದ ಎದುರಿಗೇ ಬಂದು ನಿಂತ. "ಸ್ಕ್ರೂ! ಆ ಪಟ್ಟಿಯ ಸ್ಕ್ರೂ ನೋಡು!"

"ಅದು ಸರಿ ಮಾಡಿ ಆಯ್ತು" ಎಂದಳು ವಿನೋದಾ. "ಸುರು ಮಾಡುವ ಮೊದಲೇ."

"ನಿನಗೆ ಹೇಗೆ..."

"ಈ ಕಂಬದ ಅಂಚು, ಆಚೆ ಗೋಡೆಯ ಕಿಟಕಿ, ಎರಡೂ ಒಟ್ಟಿಗೆ ಇಟ್ಟು ಒಂದು ಸಲ ತಿರುಗಿಸಿ ನೋಡ್ತೇನೆ ನಾನು, ಯಾವಾಗಲೂ. ಕಂಬ ಸರಿದ ಹಾಗೆ ಕಂಡಿತು."

"ಯಾರು ಸಡಿಲ ಮಾಡಿದ್ದು ಅಂತ ಕೇಳುವುದಿಲ್ವಾ?"

"ನಾವು ಎಷ್ಟು ಜನ ಇದ್ದೇವೆ ಇಲ್ಲಿ?" ಅವಳು ಈಗ ಅವನ ಮುಖ ನೋಡಿದಳು. "ಒಳ್ಳೆ ಬರ್ತಾ ಇತ್ತು ಮಾರಾಯ್ರೆ. ಕೊನೆಯದ್ದೊಂದು ಬಾಕಿ. ಈಗ ನೀವು ಓಡಿ ಬಂದದ್ದಕ್ಕೆ ಹಾಳಾದ್ದು. ಬಿಸಿಲು ಸರಿದಿದೆ, ನೆರಳು ಒಂದಕ್ಕೊಂದು ಕೂಡುವುದಿಲ್ಲ. ಸುರುವಿಂದ ತೆಗೀಬೇಕು."

"ಬೈಯುವುದಿದ್ರೆ ಬೈದು ಬಿಡು."

"ಪುರುಸೊತ್ತಿಲ್ಲ. ಹೊರಗೆ ಹೋಗಿ."

ಹತ್ತಿರವಿದ್ದದ್ದು ಪಡುವಣ ಬಾಗಿಲು. ತಾರಾನಾಥ ಅದನ್ನು ದಾಟಿ ತಿರುಗಿ ನಿಂತ. ಬೆನ್ನ ಹಿಂದೆ ಸೂರ್ಯ ಕೆಳಗಿಳಿದಿದ್ದ. ಅವನ ನೆರಳು ಹೊಸ್ತಿಲು ಹತ್ತಿ, ಹೊಳೆಯುವ ನೆಲದ ಮೇಲೆ ಉದ್ದಕ್ಕೆ ಮಲಗಿ, ಟ್ರೈಪಾಡಿನ ಬುಡದವರೆಗೆ ಹೋಗಿತ್ತು. ವಿನೋದಾ ಆ ನೆರಳನ್ನು ನೋಡಿದಳು. ಕ್ಯಾಮೆರಾದ ಹಿಂದೆ ನಿಂತು ಕಾದಳು. ಅವನು ಒಂದು ಹೆಜ್ಜೆ ಬದಿಗೆ ಸರಿದ. ಗೋಡೆಗೆ ಬೆನ್ನು ಹಚ್ಚಿ ಹೊಟ್ಟೆ ಎಳೆದುಕೊಂಡ. ಹೊಸ್ತಿಲ ಮೇಲೆ ಇನ್ನೂ ಭುಜದ ನೆರಳಿನ ಒಂದು ಚೂರು ಉಳಿದಿತ್ತು. ಅದನ್ನೂ ಮೆಲ್ಲಗೆ ಹೊರಕ್ಕೆ ತೆಗೆದುಕೊಂಡ.