ನುಂಗದೆ ಉಳಿದ ಮೂರು ಕ್ಯಾಪ್ಸೂಲ್‌ಗಳು

"ನಿನಗೆ ತಲೆ ಸರಿ ಉಂಟಾ ಅಮ್ಮ? ಇದನ್ನು ನುಂಗಬೇಡ ಅಂತ ಅವಳಿಗೆ ಹೇಳಿದ್ದು ನೀನೇ ಅಲ್ವಾ?"

ಮಗ ಅಕ್ಷಿತ್‌ನ ಅಂಗೈಯಲ್ಲಿ ಮೂರು ಕ್ಯಾಪ್ಸೂಲ್‌ಗಳಿದ್ದವು. ನನ್ನ ಸೊಸೆ ಪ್ರಣೀತಾಳ ತಲೆದಿಂಬಿನ ಕೆಳಗೆ ನರ್ಸ್‌ಗೆ ಸಿಕ್ಕಿದ್ದು.

"ಹೌದು, ನಾನೇ. ಏಳು ತಿಂಗಳ ಬಸುರಿ ಅವಳು. ಒಂದೂ ಮಾತ್ರೆ ನುಂಗದೆ ನಿನ್ನನ್ನು ಹೆತ್ತಿದ್ದೇನೆ. ನಿನಗೇನು ಕೊರತೆ ಆಗಿದೆ?"

"ನಿನಗೆ ಆಗ ಹಂದಿಜ್ವರ ಬಂದಿತ್ತಾ?"

ನನ್ನ ದನಿ ಏರಿತು. ವಾರ್ಡಿನವರೆಲ್ಲ ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದರು.

ಅದು 2009ರ ಸೆಪ್ಟೆಂಬರ್, ಠಾಣೆ ನಗರದ ಒಂದು ಆಸ್ಪತ್ರೆ. ವರ್ತಕ ನಗರದ ನಮ್ಮ ಮನೆಯಲ್ಲಿ ಪ್ರಣೀತಾಳಿಗೆ ಜ್ವರ ಬಂದಾಗ ಎರಡು ದಿನ ಕೊತ್ತಂಬರಿ ಜೀರಿಗೆಯ ಕಷಾಯ ಕುಡಿಸಿದವಳೂ ನಾನೇ. ಮೂರನೆಯ ದಿನ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಟ್ಟಳು. ಬಸುರಿಯರಿಗೆ ಈ ಜ್ವರ ಬೇಗ ಎದೆಗಿಳಿಯುತ್ತದೆ ಎಂದು ಡಾಕ್ಟರರು ಸೇರಿಸಿಕೊಳ್ಳುವಾಗಲೇ ಹೇಳಿದ್ದರು. ಬಸುರಿ ಮಾತ್ರೆ ತಿಂದರೆ ಮಗುವಿಗೆ ಊನ ಎಂದು ನಾನು ಬಸುರಿಯಾಗಿದ್ದಾಗ ನನ್ನ ಅತ್ತೆ ಹೇಳಿದ್ದರು. ನಾನು ನಂಬಿದ್ದು ಅತ್ತೆಯನ್ನು. ಪ್ರಣೀತಾ ನನಗೆ ಹೆದರಿ ನುಂಗಿದಂತೆ ನಟಿಸಿದಳು.

ಅವಳ ಬೆರಳಿಗೆ ಸಿಕ್ಕಿಸಿದ, ಆಮ್ಲಜನಕ ಅಳೆಯುವ ಯಂತ್ರ ಬೆಳಿಗ್ಗೆ ತೊಂಬತ್ತಮೂರು ತೋರಿಸುತ್ತಿತ್ತು. ಈಗ ಎಂಬತ್ತೆಂಟು. ನರ್ಸ್ ಆಮ್ಲಜನಕ ಜಾಸ್ತಿ ಮಾಡಿ, ನನ್ನತ್ತ ತಿರುಗಿ ಮರಾಠಿಯಲ್ಲಿ ಹೇಳಿದಳು: "ಮಾವಶಿ, ತಾಯಿಗೇ ಉಸಿರು ಇಲ್ಲದಿದ್ದರೆ ಒಳಗಿರುವ ಮಗುವಿಗೆ ಯಾರು ಕೊಡುತ್ತಾರೆ? ನೀವಾ?"

ಪ್ರಣೀತಾಳ ತುಟಿ ನೀಲಿಯಾಗಿತ್ತು. ನಾನು ಹೊಸ ಕ್ಯಾಪ್ಸೂಲ್ ಕೇಳಿ ತೆಗೆದುಕೊಂಡು ಅವಳ ಮುಂದೆ ಹಿಡಿದೆ.

"ನುಂಗು ಮಗಾ. ನಾನು ಹೇಳಿದ್ದು ತಪ್ಪು."

ಆ ಮಾತನ್ನು ನಾನು ನನ್ನ ಗಂಡನಿಗೂ ಎಂದೂ ಹೇಳಿದವಳಲ್ಲ. ಅವಳು ನುಂಗಿ, ನರ್ಸ್‌ಗೆ ಬಾಯಿ ತೆರೆದು ತೋರಿಸಿದಳು.

ತಡವಾಗಿತ್ತು. ಎರಡು ದಿನ ಅವಳನ್ನು ಐಸಿಯುನಲ್ಲಿಟ್ಟರು. ಹೊರಗಿನ ಬೆಂಚಿನಲ್ಲಿ ಅಕ್ಷಿತ್ ನನ್ನ ಪಕ್ಕ ಕೂರಲಿಲ್ಲ, ಎದುರು ಕೂತ. ಮೂರನೆಯ ದಿನ ಜ್ವರ ಬಿಟ್ಟಿತು. ಆರನೆಯ ದಿನ ಆಮ್ಲಜನಕ ತೆಗೆದರು. ಡಾಕ್ಟರರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ನಮಗೂ ಕೇಳಿಸಿದರು. ಕಲ್ಯಾಣ್ ಫಾಸ್ಟ್ ಲೋಕಲ್ ರೈಲು ಓಡಿದ ಹಾಗೆ ಮಗುವಿನ ಎದೆಬಡಿತ. ಅಕ್ಷಿತ್ ಅತ್ತ. ನಾನು ಅವನಿಗೆ ಬೈದೆ, ಆಮೇಲೆ ನಾನೂ ಅತ್ತುಬಿಟ್ಟೆ.

ಹನ್ನೊಂದನೆಯ ದಿನ ಡಿಸ್ಚಾರ್ಜ್.

"ಮನೆಗೆ ಹೋಗುವ, ಬಿಸಿನೀರು ಕಾಯಿಸಿಟ್ಟಿದ್ದೇನೆ," ಎಂದೆ.

"ನಾನು ವಿಠ್ಠಲವಾಡಿಗೆ ಹೋಗ್ತೇನೆ ಅತ್ತೆ, ಅಮ್ಮನ ಮನೆಗೆ."

"ಸೀಮಂತ ಆಗದೆ ತವರಿಗೆ ಹೋಗುವ ಕ್ರಮ ಉಂಟಾ ನಮ್ಮಲ್ಲಿ?"

"ನಿಮ್ಮ ಕ್ರಮ ನನಗೆ ಸಾಕಾಯ್ತು ಅತ್ತೆ. ಮಗು ಹುಟ್ಟಿದಾಗ ನೋಡಲಿಕ್ಕೆ ಬನ್ನಿ."

ಅವಳು ಗಾಲಿಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಹೊಟ್ಟೆಯ ಮೇಲೆ ಕೈಯಿಟ್ಟು ಉದ್ದದ ಕಾರಿಡಾರಿನಲ್ಲಿ ನಡೆದಳು. ಎಲ್ಲಿಯೂ ನಿಲ್ಲಲಿಲ್ಲ, ಏದುಸಿರು ಬಿಡಲಿಲ್ಲ. ಅಕ್ಷಿತ್ ಚೀಲ ಹಿಡಿದು ಹಿಂದೆ ಓಡಿದ. ಅವಳು ತಿರುಗಿ ಬಂದಾಳೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಬರಲಿಲ್ಲ.