ಷಡ್ಡಕನ ಸಹಿ

ಕಿವಿ ಮೇಸ್ತ್ರಿಗೆ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದು ಒಂದೇ ದಿನಕ್ಕಲ್ಲ. ಹಸಿ ಸೌದೆಯ ಒಲೆಯ ಹಾಗೆ ಎಂಟು ವರ್ಷ ಬರೀ ಹೊಗೆಯಾಡಿತು. ಆಮೇಲೆ ಒಂದು ಕಾಗದ ಬಂತು, ಧಗ್ಗಂತ ಹತ್ತಿಕೊಂಡಿತು.

ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ. ಅವನನ್ನು ಕಾರು ಶೋರೂಮಿನ ವರ್ಕ್‌ಶಾಪಿಗೆ ಕೈಹಿಡಿದು ಕರೆತಂದಿದ್ದು ಮೇಸ್ತ್ರಿಯೇ. "ಚಿಕ್ಕವಳ ಗಂಡ ಕೈಕಟ್ಟಿ ಕೂತಿದಾನಪ್ಪಾ, ನಿನ್ನ ಜೊತೆ ಸೇರಿಸ್ಕೋ" ಅಂತ ಅತ್ತೆ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ಮೇಸ್ತ್ರಿ ಮ್ಯಾನೇಜರ ಹತ್ತಿರ ಹೋಗಿ ನಿಂತ, ಕೇಳಿದ, ಕೊಡಿಸಿದ. ಸ್ಪಾನರ್ ಹಿಡಿಯೋದರಿಂದ ಹಿಡಿದು ಎಲ್ಲ ಹೇಳಿಕೊಟ್ಟ. ಆದರೆ ಆ ಮಹರಾಯ ಒಂದು ಬೋಲ್ಟ್ ಬಿಚ್ಚಬೇಕಾದರೂ ಕಂಪನಿಯ ದಪ್ಪ ಪುಸ್ತಕ ತೆಗೆದು ನೋಡಿಯೇ ಬಿಚ್ಚುವವನು. ಅದಕ್ಕೇ ಅವನಿಗೆ ಪುಸ್ತಕ ಅಂತಲೇ ಹೆಸರು ಬಿತ್ತು. ಮೇಸ್ತ್ರಿಗೆ ಪುಸ್ತಕದ ಹಂಗಿರಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಪಕ್ಕದಲ್ಲಿ ತಲೆ ವಾಲಿಸಿ ನಿಂತು, ಯಾವ ಬೇರಿಂಗ್ ಹೋಗಿದೆ ಅಂತ ಕಿವಿಯಲ್ಲೇ ಹೇಳುತ್ತಿದ್ದ. ಅದಕ್ಕೇ ಅವನು ಕಿವಿ ಮೇಸ್ತ್ರಿ.

ಈಗ ಕಂಪನಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಇಷ್ಟು. ಹೋದ ವರ್ಷ ಮಾರಿದ ಒಂದು ಬ್ಯಾಚಿನ ಕಾರುಗಳಲ್ಲಿ ಸ್ಟಿಯರಿಂಗಿನ ಕಂಬಿ ಕೆಳಗೆ ಚಕ್ರ ತಿರುಗಿಸುವ ಗೇರಿಗೆ ಸೇರುವ ಕಡೆ ಒಂದು ಬೋಲ್ಟ್ ಸಡಿಲಾಗುತ್ತಿದೆ. ಅದು ಬಿಟ್ಟುಕೊಂಡರೆ ಕೈಯಲ್ಲಿ ಸ್ಟಿಯರಿಂಗ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಎಲ್ಲ ಗಾಡಿಗಳನ್ನೂ ವಾಪಸು ಕರೆಸಿ, ಹಳೇ ಬೋಲ್ಟ್ ತೆಗೆದು ಹೊಸದು ಹಾಕಿ, ಅಳತೆಯ ರೆಂಚಿನಲ್ಲಿ ಬಿಗಿಯಬೇಕು. ಸರಿಯಾದ ಬಿಗಿಗೆ ಬಂದಾಗ ಆ ರೆಂಚು 'ಟಕ್' ಅನ್ನುತ್ತದೆ. ಆಮೇಲೆ ಬೋಲ್ಟಿನ ತಲೆಗೆ ಹಳದಿ ಬಣ್ಣದ ಬೊಟ್ಟು. ಇನ್ನೊಬ್ಬ ನೋಡಿ ಗಾಡಿಯ ಕಾರ್ಡಿಗೆ ಸಹಿ. ಆ ಶೋರೂಮಿನ ಪಾಲಿಗೆ ಮುನ್ನೂರ ಹನ್ನೆರಡು ಗಾಡಿ.

ಇದನ್ನು ಕಲಿಯಲು ಕಂಪನಿಯವರು ಒಬ್ಬನನ್ನು ಮೂರು ದಿನಕ್ಕೆ ಕರೆಸಿಕೊಂಡರು. ಮೇಸ್ತ್ರಿ ಅಂಗಿಗೆ ಇಸ್ತ್ರಿ ಹಾಕಿಸಿ ಇಟ್ಟುಕೊಂಡಿದ್ದ. ಹೋಗಿದ್ದು ಪುಸ್ತಕ. ವಾಪಸು ಬಂದದ್ದು ಬರೀ ಪುಸ್ತಕವಲ್ಲ, ಈ ಕೆಲಸಕ್ಕೆಲ್ಲ ಯಜಮಾನ. ಕುತ್ತಿಗೆಯಲ್ಲಿ ನೀಲಿ ಪಟ್ಟಿಯ ಕಾರ್ಡು, ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಫೋನು.

"ಇನ್ನು ಮೇಲೆ ಅವರು ಹೇಳಿದ ಹಾಗೆ" ಅಂದರು ಮ್ಯಾನೇಜರು. ಅವರು. ಎಂಟು ವರ್ಷ 'ಅವನು' ಆಗಿದ್ದವನು.

ಆ ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ, "ಅಮ್ಮ ಫೋನ್ ಮಾಡಿದ್ಲು. ಚಿಕ್ಕಳಿಯಂದ್ರು ಆಫೀಸರಾದ್ರಂತೆ?" ಅಂದಳು.

"ಆಫೀಸರೂ ಇಲ್ಲ ಗೀಫೀಸರೂ ಇಲ್ಲ. ಬೋಲ್ಟಿಗೆ ಯಜಮಾನ."

"ಅಪ್ಪ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದ್ರಂತೆ."

ಮೇಸ್ತ್ರಿ ಕೈಕಾಲು ತೊಳೆಯಲು ಹೋದ. ಇಪ್ಪತ್ತಾರು ವರ್ಷದಲ್ಲಿ ಮಾವ ತನ್ನ ವಿಷಯ ಬೀದಿಯಲ್ಲಿ ಹೇಳಿದ್ದು ಒಂದೇ ಸಲ, ಮದುವೆಯ ದಿನ ತಡವಾಗಿ ಬಂದ ಅಂತ. ಅದನ್ನು ನೆನೆಸಿಕೊಂಡು ಸೋಪನ್ನು ಎಷ್ಟು ಹೊತ್ತು ಉಜ್ಜಿದನೋ, ಬೆರಳುಗಳೆಲ್ಲ ಬೆಳ್ಳಗಾದವು.

ಕೆಲಸ ಶುರುವಾಯಿತು. ಪುಸ್ತಕ ಫೋನಿನ ಮುಂದೆ ಕೂತು ಗಾಡಿಯವರನ್ನು ಕರೆಯುತ್ತಿದ್ದ. "ನನ್ನ ಗಾಡಿ ಹೂವಿನ ಹಾಗೆ ಓಡ್ತಿದೆ, ಸುಮ್ನೆ ಕೈ ಹಾಕಿ ಕೆಡಿಸ್ಬೇಡಿ" ಅಂತ ಒಬ್ಬರು. ಎಲ್ಲರಿಗೂ ಅದೇ ತಣ್ಣನೆ ದನಿಯಲ್ಲಿ ಉತ್ತರ. ಗಾಡಿಗಳು ಬರುತ್ತಿದ್ದವು. ಮೂರು ಮೂರು ಗಾಡಿ ಸಾಲಾಗಿ ನಿಲ್ಲಿಸಿ, ಡ್ರೈವರ್ ಬಾಗಿಲು ತೆಗೆದು, ಬ್ರೇಕು ಕ್ಲಚ್ಚುಗಳ ಹಿಂದೆ ತಲೆಕೆಳಗಾಗಿ ತೂರಿ ಕೆಲಸ ಮಾಡಬೇಕು. ಕಾಲು ಮಾತ್ರ ಹೊರಗೆ. ಬಂದವರು ಕಾಲು ನೋಡಿಯೇ ಯಾರು ಅಂತ ಗುರುತು ಹಿಡಿಯುತ್ತಿದ್ದರು.

ಆದರೆ ಅಳತೆಯ ರೆಂಚು ಇದ್ದದ್ದು ಎರಡೇ. ಆರು ಜನಕ್ಕೆ ಎರಡು. ರೆಂಚಿಗೆ ಕಾಯುತ್ತಾ ಕೂರುವ ಜಾಯಮಾನ ಮೇಸ್ತ್ರಿಯದಲ್ಲ. ತನ್ನ ಸಾಲಿನ ಮೂರು ಗಾಡಿಗೂ ಹೊಸ ಬೋಲ್ಟ್ ಕೈಯಲ್ಲೇ ತಿರುಗಿಸಿ ಕೂರಿಸಿ, ಬಣ್ಣದ ಬೊಟ್ಟೂ ಆಗಲೇ ಇಟ್ಟುಬಿಡುತ್ತಿದ್ದ. ರೆಂಚು ಕೈಗೆ ಬಂದಾಗ ಒಂದೇ ಉಸಿರಿಗೆ ಮೂರನ್ನೂ ಬಿಗಿಯುವುದು. ಟಕ್, ಟಕ್, ಟಕ್. ಪುಸ್ತಕದಲ್ಲಿ ಬರೆದದ್ದು ಬಿಗಿ ಮೊದಲು, ಬೊಟ್ಟು ಆಮೇಲೆ. ಮೇಸ್ತ್ರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹಾಗೆ ಮಾಡಿದ. ಷಡ್ಡಕ ಹೇಳಿದ ವರಸೆಯಲ್ಲಿ ಮಾಡಲು ಕೈ ಏಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನ ಸಾಲಿನಲ್ಲಿ ಒಂದು ಬಿಳಿ ಗಾಡಿ, ನಡುವೆ ಡ್ರೈವಿಂಗ್ ಸ್ಕೂಲಿನ ಗಾಡಿ, ಕೊನೆಗೆ ಔಷಧಿ ಅಂಗಡಿಯವರ ಗಾಡಿ. ಮೂರಕ್ಕೂ ಬೊಟ್ಟು ಇಟ್ಟಾಗಿತ್ತು. ರೆಂಚು ಬಂತು, ಮೊದಲನೆಯದು ಟಕ್ ಅಂದಿತು. ಅಷ್ಟರಲ್ಲಿ ಮ್ಯಾನೇಜರು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದರು. ಇನ್ನೂರು ಗಾಡಿ ಮುಗಿದಿತ್ತು. ಮೇಜಿನ ಮೇಲೆ ಕೇಕು. ಪುಸ್ತಕನನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದರು.

"ಅಣ್ಣ, ನೀವೂ ಬನ್ನಿ, ಪಕ್ಕಕ್ಕೆ ಬನ್ನಿ" ಅಂದ ಪುಸ್ತಕ.

"ಕೈ ಕೊಳೆ ಇದೆ" ಅಂದ ಮೇಸ್ತ್ರಿ.

ಪೇಂಟ್ ಮಾಡುವವನು ಕಿವಿಯ ಹತ್ತಿರ ಬಂದು, "ಏನ್ ಮೇಸ್ತ್ರಿ, ನೀವು ಸಾಕಿದ ಗಿಣಿ ಚೆನ್ನಾಗಿ ಹಾಡ್ತಿದೆ" ಅಂದ. ಸುತ್ತಲಿದ್ದವರು ನಕ್ಕರು. ಮೇಸ್ತ್ರಿಯೂ ನಕ್ಕ. ಬಾಯಿ ಮಾತ್ರ ನಕ್ಕಿತು. ಕೈಗೆ ಕೊಟ್ಟ ಕೇಕಿನ ತುಂಡನ್ನು ಹಾಗೇ ಟೂಲ್ ಪೆಟ್ಟಿಗೆಯ ಮೇಲಿಟ್ಟು, ರೆಂಚು ಎತ್ತಿಕೊಂಡು ದಡದಡ ನಡೆದ. ಮನಸ್ಸಿನಲ್ಲೇ ಷಡ್ಡಕನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಹೇಳುತ್ತಾ ಗಾಡಿಯೊಳಗೆ ತೂರಿದ, ಬಿಗಿದ, ಎದ್ದು ರೆಂಚನ್ನು ಪಕ್ಕದವನಿಗೆ ಎಸೆದ.

ಶನಿವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದಿದ್ದ. ಆಚೆ ಯಾರೋ ಬಿಗಿಯುತ್ತಿದ್ದರು. ಟಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್. ಮೇಸ್ತ್ರಿಯ ಕೈ ಡಬ್ಬಿಯಲ್ಲೇ ನಿಂತಿತು. ಕೇಳಿದ ಸದ್ದನ್ನು ಮರೆಯುವ ಕಿವಿಯಲ್ಲ ಅದು. ನಿನ್ನೆ ಕೇಕಿಗೆ ಮೊದಲು ಒಂದು ಟಕ್. ಕೇಕಾದ ಮೇಲೆ?

ಒಂದೇ.

ಮತ್ತೆ ಮತ್ತೆ ನೆನೆದು ನೋಡಿದ. ಮೂರು ಗಾಡಿ, ಎರಡು ಟಕ್. ಒಂದು ಗಾಡಿ ಬೆರಳಲ್ಲಿ ತಿರುಗಿಸಿದ ಬೋಲ್ಟಿನಲ್ಲೇ ಹೊರಗೆ ಹೋಗಿದೆ. ತಾನೇ ಇಟ್ಟ ಬೊಟ್ಟು ತನ್ನ ಕಣ್ಣಿಗೇ ಮಣ್ಣೆರಚಿದೆ. ಯಾವ ಗಾಡಿ, ನಡುವಿನದೋ ಕೊನೆಯದೋ, ಅದು ನೆನಪಿಗೆ ಬರಲಿಲ್ಲ. ಆ ಹೊತ್ತಿನಲ್ಲಿ ಅವನು ಗಾಡಿ ನೋಡುತ್ತಿರಲಿಲ್ಲ, ಷಡ್ಡಕನ ಮುಖ ನೋಡುತ್ತಿದ್ದ.

ಅವನೊಳಗೆ ಆಗ ಎದ್ದ ಮೊದಲ ಯೋಚನೆ ಒಳ್ಳೆಯದಾಗಿರಲಿಲ್ಲ. ಕಾರ್ಡಿನ ಮೇಲೆ ಸಹಿ ಯಾರದು? ಪುಸ್ತಕನದು. ಗಾಡಿಯವರು ಏನೋ ಸದ್ದು ಅಂತ ವಾಪಸು ತರುತ್ತಾರೆ, ಬೋಲ್ಟ್ ಸಡಿಲ ಅಂತ ಗೊತ್ತಾಗುತ್ತದೆ, ಮ್ಯಾನೇಜರು ಸಹಿ ನೋಡುತ್ತಾರೆ. ನೀಲಿ ಪಟ್ಟಿ ಕುತ್ತಿಗೆಯಿಂದ ಇಳಿಯುತ್ತದೆ. ಮಾವ ಬೀದಿಯಲ್ಲಿ ಏನು ಹೇಳಿಕೊಳ್ಳುತ್ತಾರೋ ಆಗ ನೋಡೋಣ. ಇದನ್ನೇ ನೆಂಚಿಕೊಂಡು ಇನ್ನೂ ನಾಲ್ಕು ತುತ್ತು ತಿಂದ. ಬಹಳ ದಿನದ ಮೇಲೆ ಊಟ ರುಚಿಸಿತು.

ಮುಂದಿನ ತುತ್ತು ಇಳಿಯಲಿಲ್ಲ. ಡ್ರೈವಿಂಗ್ ಸ್ಕೂಲಿನ ಗಾಡಿ ಅಂದರೆ ಬೆಳಿಗ್ಗೆಯಿಂದ ಸಂಜೆತನಕ ಹೊಸ ಕೈಗಳು. ಎಡಕ್ಕೆ ಅಂದರೆ ಬಲಕ್ಕೆ ಎಳೆಯುವವರು, ಎದುರಿಗೆ ಬಸ್ಸು ಕಂಡರೆ ಸ್ಟಿಯರಿಂಗನ್ನೇ ತಬ್ಬಿಕೊಳ್ಳುವವರು. ಆ ಬೋಲ್ಟ್ ಎಷ್ಟು ತಡೆದೀತು?

ಗುಟ್ಟಾಗಿ ಹೋಗಿ ಬಿಗಿದು ಬಂದರೆ ಆಯಿತಲ್ಲ ಅಂದುಕೊಂಡ. ಆದರೆ ಗಾಡಿಯವರ ನಂಬರು, ವಿಳಾಸ ಎಲ್ಲ ಆ ಮೂಲೆಯ ಮೇಜಿನಲ್ಲಿತ್ತು. ಬೇರೆ ದಾರಿಯೇ ಇರಲಿಲ್ಲ. ಅಷ್ಟು ದೂರ ನಡೆಯುವುದು ಅವನಿಗೆ ಬೆಟ್ಟ ಹತ್ತಿದ ಹಾಗಾಯಿತು.

"ಕೂತ್ಕೊಳ್ಳಿ ಅಣ್ಣ" ಅಂದ ಪುಸ್ತಕ, ಫೋನನ್ನು ಕೈಯಲ್ಲಿ ಮುಚ್ಚಿಕೊಂಡು.

"ಕೂರೋಕೆ ಬಂದಿಲ್ಲ. ಫೋನ್ ಇಡು. ನಿನ್ನೆ ಒಂದು ಗಾಡಿ ಬಿಗಿದಿಲ್ಲ ನಾನು. ಡ್ರೈವಿಂಗ್ ಸ್ಕೂಲಿಂದೋ ಔಷಧಿ ಅಂಗಡೀದೋ, ಎರಡರಲ್ಲಿ ಒಂದು."

"ಬೊಟ್ಟು ಇತ್ತಲ್ಲಣ್ಣ?"

"ಬೊಟ್ಟು ಮೊದ್ಲೇ ಇಡ್ತೀನಿ ನಾನು."

ಪುಸ್ತಕನ ಮುಖ ಬಿಳಿಚಿಕೊಂಡಿತು. ಗಾಡಿಯವರ ಹೆಸರಿನ ಪಟ್ಟಿ ಎಳೆದು ನಂಬರು ಒತ್ತಿದ. ಔಷಧಿ ಅಂಗಡಿಯವರು ತಕ್ಷಣ ಎತ್ತಿದರು, ಗಾಡಿ ಮನೆಯಲ್ಲೇ ನಿಂತಿದೆ ಅಂದರು. ಮುಟ್ಟಬೇಡಿ, ನಾವೇ ಬರುತ್ತೇವೆ ಅಂದು ಇಟ್ಟ. ಡ್ರೈವಿಂಗ್ ಸ್ಕೂಲಿನ ಮೇಡಂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೇಸ್ತ್ರಿ ಮೇಜಿನ ಅಂಚು ಹಿಡಿದು ನಿಂತಿದ್ದ. ಮೂರನೇ ಸಲ ಎತ್ತಿದರು.

"ಮೇಡಂ, ಗಾಡಿ ಓಡ್ತಾ ಇದೆಯಾ? ಪಕ್ಕಕ್ಕೆ ನಿಲ್ಲಿಸಿ. ಮೆಲ್ಲಗೆ, ನೇರಕ್ಕೆ ಹೋಗ್ತಾನೇ ನಿಲ್ಲಿಸಿ, ತಿರುಗಿಸ್ಬೇಡಿ. ನಿಂತ್ರಾ? ಎಲ್ಲರೂ ಇಳೀರಿ. ಎಲ್ಲಿದೀರಿ ಹೇಳಿ."

ಇಬ್ಬರೂ ಒಂದೇ ಬೈಕಿನಲ್ಲಿ ಹೋದರು, ಪುಸ್ತಕ ಮುಂದೆ, ರೆಂಚು ತೊಡೆಯ ಮೇಲಿಟ್ಟುಕೊಂಡು ಮೇಸ್ತ್ರಿ ಹಿಂದೆ. ದಾರಿಯಲ್ಲಿ ಪುಸ್ತಕ ಕತ್ತು ತಿರುಗಿಸದೆಯೇ ಅಂದ, "ಪುಸ್ತಕದಲ್ಲಿ ಇದೆ, ಸಹಿ ಹಾಕೋನು ರೆಂಚು ಹಾಕಿ ಇನ್ನೊಂದು ಸಲ ನೋಡ್ಬೇಕು ಅಂತ. ಎಲ್ಲರದ್ದೂ ನೋಡ್ತೀನಿ. ನಿಮ್ಮದು ಒಂದೂ ನೋಡಿಲ್ಲ."

"ಯಾಕೆ ನೋಡ್ಲಿಲ್ಲ?"

"ಕಲಿಸ್ದೋರು ಮಾಡಿದ್ದನ್ನ ನೋಡೋದು ಹೆಂಗೆ?"

ಮೇಸ್ತ್ರಿ ರಸ್ತೆಯ ಕಡೆ ಮುಖ ತಿರುಗಿಸಿದ. ಗಾಳಿಗೆ ಕಣ್ಣಲ್ಲಿ ನೀರು ಬಂತು, ಗಾಳಿಗೇ ಅಂದುಕೊಂಡ.

ಒಂದು ಮಕ್ಕಳ ಶಾಲೆಯ ಕಾಂಪೌಂಡಿನ ಪಕ್ಕ ಗಾಡಿ ನಿಂತಿತ್ತು. ಕಲಿಯಲು ಬಂದ ದಪ್ಪನೆಯ ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. "ನಿನ್ನೆಯಿಂದ ಒಳಗೆ ಟಕಟಕ ಅಂತಿತ್ತು, ಕಲಿಯೋರ ಕೈ ನಡುಕ ಅನ್ಕೊಂಡೆ" ಅಂದರು ಮೇಡಂ.

"ನೋಡಿದ್ಯಾ, ನನ್ನ ಕೈ ಅಲ್ಲ" ಅಂದರು ಅಜ್ಜಿ. "ಬೆಳಗಿನಿಂದ ನನ್ನನ್ನೇ ಬೈದಳು ಇವಳು."

ಮೇಸ್ತ್ರಿ ಒಳಗೆ ತೂರಿ ಕೈ ಚಾಚಿದ. ಹಳದಿ ಬೊಟ್ಟಿನ ಆ ಬೋಲ್ಟ್ ಎರಡು ಬೆರಳಿಗೇ ಗಿರ್ರನೆ ತಿರುಗಿತು. ಇನ್ನೊಂದೆರಡು ಸುತ್ತಾಗಿದ್ದರೆ ಕೆಳಕ್ಕೆ ಉದುರುತ್ತಿತ್ತು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಹೊಸ ಬೋಲ್ಟ್ ಹಾಕಿ ಬಿಗಿದು, ಹೊರಗೆ ಬಂದು, ರೆಂಚನ್ನು ಷಡ್ಡಕನ ಕೈಗೆ ಕೊಟ್ಟ. "ನೋಡು" ಅಂದ. ಪುಸ್ತಕ ತೂರಿ ನೋಡಿದ.

ಔಷಧಿ ಅಂಗಡಿಯವರ ಗಾಡಿಯನ್ನೂ ನೋಡಿಕೊಂಡು, ಅದು ಬಿಗಿಯಾಗೇ ಇತ್ತು, ವಾಪಸು ಬಂದು ಇಬ್ಬರೂ ಮ್ಯಾನೇಜರ ಮುಂದೆ ನಿಂತರು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಪುಸ್ತಕ ಶುರುಮಾಡಿದ.

"ಸರ್, ಸಹಿ ನಂದು. ನೋಡ್ಬೇಕಾಗಿದ್ದು ನಾನು, ನೋಡ್ಲಿಲ್ಲ. ತಪ್ಪು ನಂದು."

ಮ್ಯಾನೇಜರ ಮುಖ ಮೆತ್ತಗಾಯಿತು. ಕೇಕಿನ ದಿನ ಇದ್ದ ಮುಖವೇ. ಅದನ್ನು ಕಂಡಿದ್ದೇ ತಡ, ಬೈಕಿನ ಮೇಲೆ ತಣ್ಣಗಾಗಿದ್ದ ಹೊಟ್ಟೆ ಮತ್ತೆ ಉರಿಯಿತು. ಇದರಲ್ಲೂ ಇವನೇ ಮುಂದೆ. ತಾನು ಮಾಡಿದ ತಪ್ಪಿನಲ್ಲೂ ಒಳ್ಳೆಯವನು ಅನ್ನಿಸಿಕೊಳ್ಳುವವನು ಇವನೇ.

"ಸುಮ್ನಿರೋ" ಅಂದ ಮೇಸ್ತ್ರಿ. "ಸರ್, ಬೊಟ್ಟು ಮೊದ್ಲೇ ಇಟ್ಟಿದ್ದು ನಾನು. ಬಿಗಿಯೋದು ಮರೆತಿದ್ದು ನಾನು. ಯಾಕೆ ಮರೆತೆ ಅಂತಾನೂ ಹೇಳ್ತೀನಿ. ಇವನ ಕೇಕು ತಿನ್ನೋಕಾಗದೆ ಹೊಟ್ಟೆ ಉರ್ಕೊಂಡು ಹೋದೆ. ಇದರಲ್ಲಿ ಇವನಿಗೆ ಪಾಲಿಲ್ಲ."

ಪುಸ್ತಕ ನೆಲ ನೋಡಿದ. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. "ತಪ್ಪಿಗೂ ಕಿತ್ತಾಡೋರನ್ನ ಇವತ್ತೇ ನೋಡಿದ್ದು" ಅಂದರು. ಆಮೇಲೆ ನಗು ಬಿಟ್ಟು ಕೇಳಿದರು, "ಹೀಗೆ ಮೊದ್ಲೇ ಬೊಟ್ಟಿಟ್ಟ ಗಾಡಿ ಒಟ್ಟು ಎಷ್ಟು?"

"ಇವತ್ತು ನೋಡಿದ ಎರಡು ಬಿಟ್ಟು ನಲವತ್ತೊಂದು. ಅವೆಲ್ಲ ಬಿಗಿದಿದೀನಿ ಸರ್, ನನ್ನ ಕಿವಿಯಲ್ಲಿದೆ."

"ನಿಮ್ಮ ಕಿವಿ ಕಂಪನಿಗೆ ಕಳಿಸೋಕಾಗಲ್ಲ ಮೇಸ್ತ್ರಿ. ನಲವತ್ತೊಂದನ್ನೂ ಇನ್ನೊಂದು ಸಲ ನೋಡಿಸಿ. ಅಲ್ಲೀವರೆಗೆ ನೀವು ಬೋಲ್ಟ್ ಮುಟ್ಟೋ ಹಾಗಿಲ್ಲ."

"ನಾನು ಫೋನ್ ಮಾಡ್ತೀನಿ" ಅಂದ ಪುಸ್ತಕ.

"ಫೋನ್ ನಾನೇ ಮಾಡ್ತೀನಿ" ಅಂದ ಮೇಸ್ತ್ರಿ.

ಹೋಗಿ ಆ ಮೂಲೆಯ ಮೇಜಿನ ಮುಂದೆ ಕೂತ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಹೆಸರುಗಳನ್ನು ಬೆರಳಿಟ್ಟು ಓದಬೇಕಾಯಿತು. ಪುಸ್ತಕ ಪಕ್ಕದ ಸ್ಟೂಲಿನಲ್ಲಿ ಪೆನ್ನು ಹಿಡಿದು ಕೂತ.

"ಸ್ವಾಮಿ, ನಿಮ್ಮ ಗಾಡಿ ಬೋಲ್ಟ್ ಹಾಕಿದ್ದು ನಾನೇ. ನನ್ನ ಕೆಲಸದಲ್ಲಿ ಲೋಪ ಇದೆ. ಓಡಿಸ್ಬೇಡಿ, ನಾವೇ ಬಂದು ನೋಡ್ತೀವಿ."

ಮೊದಲನೆಯವರು ಬಾಯಿಗೆ ಬಂದ ಹಾಗೆ ಬೈದರು. ಮೇಸ್ತ್ರಿ ಫೋನನ್ನು ಕಿವಿಗೊತ್ತಿಕೊಂಡು, ಹೊರಗೆ ಕೇಳಿಸದ ಹಾಗೆ, ಪೂರ್ತಿ ಬೈಸಿಕೊಂಡ. ಎರಡನೆಯವರು, "ಇಷ್ಟು ನೇರವಾಗಿ ಯಾರು ಹೇಳ್ತಾರೆ ಮೇಸ್ತ್ರಿ, ಒಳ್ಳೇ ಕೆಲಸ ಮಾಡಿದ್ರಿ" ಅಂದರು. ಆಗ ಮಾತ್ರ ಫೋನನ್ನು ಕಿವಿಯಿಂದ ಎರಡು ಬೆರಳಷ್ಟು ದೂರ ಹಿಡಿದು, ಷಡ್ಡಕನಿಗೆ ಕೇಳಿಸಿತೋ ಇಲ್ಲವೋ ಅಂತ ಓರೆಗಣ್ಣಲ್ಲಿ ನೋಡಿದ.